ವಯಸ್ಸಾದ ತಂದೆಯ ಜೊತೆ ಅಲಾಸ್ಕಾದಲ್ಲಿ ಕ್ಯಾರಿಬೂ ಬೇಟೆ: ಗೈಡ್ ಇಲ್ಲದೆ ಹೋಗುವುದು ಹೇಗೆ?

ಪ್ರಶ್ನೆ: ತಂದೆಗೆ 71. ಕೊಡಗಿನವರು, ಕೋವಿ ಅವರ ಕೈಗೆ ಹೊಸದಲ್ಲ. ಈಗ ಸಿಯಾಟಲ್‌ನಲ್ಲಿ ನಮ್ಮ ಜೊತೆ ಇದ್ದಾರೆ. ಬಲಮಂಡಿಗೆ ಆಪರೇಷನ್ ಆಗಿದೆ, ಬಿಪಿ ಮಾತ್ರೆ ತಗೊಳ್ತಾರೆ. ಸಮತಟ್ಟಾದ ದಾರಿಯಲ್ಲಿ ಎರಡು ಮೂರು ಕಿಲೋಮೀಟರ್ ನಡೆಯುತ್ತಾರೆ. ಮುಂದಿನ ವರ್ಷ ಆಗಸ್ಟ್ ಕೊನೆಗೆ ಇಬ್ಬರೇ ಅಲಾಸ್ಕಾಕ್ಕೆ ಕ್ಯಾರಿಬೂ (ಅಲ್ಲಿನ ಕಾಡು ಹಿಮಸಾರಂಗ) ಬೇಟೆಗೆ ಹೋಗಬೇಕೆಂದಿದ್ದೇವೆ. ರಸ್ತೆಯಿಂದ ಒಳ್ಳೆಯದೋ, ಸಣ್ಣ ವಿಮಾನದಲ್ಲೋ? ಗೊತ್ತಿರುವವರು ತಿಳಿಸಿ.

ಉತ್ತರ 1

ಟಿಕೆಟ್ ನೋಡುವ ಮೊದಲು ತಂದೆಯವರು ಯಾವ ವೀಸಾದಲ್ಲಿದ್ದಾರೆ ಅಂತ ನೋಡಿ ಸರ್. ಅಮೆರಿಕದ ಪೌರರಾಗಿದ್ದರೆ ಅಥವಾ ಗ್ರೀನ್ ಕಾರ್ಡ್ ಮೇಲೆ ಇಲ್ಲೇ ನೆಲೆಸಿದ್ದರೆ ಕ್ಯಾರಿಬೂಗೆ ಗೈಡ್ ಬೇಕಿಲ್ಲ. ಲೈಸೆನ್ಸ್ 160 ಡಾಲರ್, ಬೀಗದ ಟ್ಯಾಗ್ (ಹೊಡೆದ ಪ್ರಾಣಿಗೆ ಬಿಗಿಯುವ ಪಟ್ಟಿ) 650 ಡಾಲರ್. ಟೂರಿಸ್ಟ್ ವೀಸಾದಲ್ಲಿ ಬಂದಿದ್ದರೆ ಲೆಕ್ಕ ಪೂರ್ತಿ ಬೇರೆ. ಹೊರದೇಶದ ಪ್ರವಾಸಿ ಅಲಾಸ್ಕಾದಲ್ಲಿ ಯಾವುದೇ ದೊಡ್ಡ ಪ್ರಾಣಿ ಹೊಡೆಯಲು ನೋಂದಾಯಿತ ಗೈಡ್ ಕಡ್ಡಾಯ, ಮಗ ಪಕ್ಕದಲ್ಲಿದ್ದರೂ ಅದರಿಂದ ವಿನಾಯಿತಿ ಇಲ್ಲ. ಆಗ ಅವರು ಜೊತೆಗೆ ಬರಲಿ, ದುರ್ಬೀನು ಹಿಡಿಯಲಿ, ಟ್ಯಾಗ್ ನಿಮ್ಮದೊಂದೇ ಇರಲಿ. ಪ್ರವಾಸಿ ವೀಸಾದವರು ಬಂದೂಕು ಮುಟ್ಟುವುದಕ್ಕೇ ಫೆಡರಲ್ ಕಾನೂನಿನ ತಡೆ ಇದೆ. ಬೇಟೆ ಲೈಸೆನ್ಸ್ ಇದ್ದವರಿಗಷ್ಟೇ ಸಡಿಲಿಕೆ.

65 ದಾಟಿದವರ ಟ್ಯಾಗಿಗೆ ಇನ್ನೊಬ್ಬರು ಹೊಡೆಯಬಹುದು ಅಂತ ಕೇಳಿರುತ್ತೀರಿ. ಆ ಸೌಲಭ್ಯ ಅಲಾಸ್ಕಾದ ನಿವಾಸಿಗಳಿಗೆ ಮಾತ್ರ. ಅಪ್ಪನ ಟ್ಯಾಗಿಗೆ ಅಪ್ಪನೇ ಹೊಡೆಯಬೇಕು.

ಉತ್ತರ 2

ರಸ್ತೆ ಅಂದರೆ ಉತ್ತರ ಅಲಾಸ್ಕಾದ ಡಾಲ್ಟನ್ ಹೈವೇ, 414 ಮೈಲಿ. ಕಾಗದದ ಮೇಲೆ ಸುಲಭವಾಗಿ, ಅಗ್ಗವಾಗಿ ಕಾಣುತ್ತದೆ. ತೊಡಕಿರುವುದು ಇಲ್ಲಿ: ಯೂಕಾನ್ ನದಿ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಐದೈದು ಮೈಲಿ ಬಂದೂಕಿನಿಂದ ಬೇಟೆಯಾಡುವಂತಿಲ್ಲ. ಬಿಲ್ಲು ಮಾತ್ರ, ಅದಕ್ಕೂ ಬಿಲ್ಲುಬೇಟೆಯ ಪ್ರಮಾಣಪತ್ರ ಬೇಕು. ನಾಲ್ಕು ಚಕ್ರದ ಬೈಕ್ ಇಳಿಸುವುದಕ್ಕೂ ಬಿಡುವುದಿಲ್ಲ. ರೈಫಲ್ ಬೇಕೆಂದರೆ ಐದು ಮೈಲಿ ಟಂಡ್ರಾ (ಮರವಿಲ್ಲದ ಜೌಗು ಬಯಲು) ನಡೆದು ದಾಟಬೇಕು. ಟಂಡ್ರಾದ ಹುಲ್ಲಿನ ಗುಪ್ಪೆಗಳ ಮೇಲೆ ಕಾಲಿಟ್ಟರೆ ವಾಲುತ್ತವೆ, ನಡುವೆ ಇಟ್ಟರೆ ನೀರು. ಗಟ್ಟಿ ಆಳಿಗೇ ಗಂಟೆಗೆ ಒಂದೂವರೆ ಎರಡು ಕಿಲೋಮೀಟರ್ ಆದರೆ ಹೆಚ್ಚು. ಆಪರೇಷನ್ ಆದ ಮಂಡಿಗೆ ಇದು ಬೇಡವೇ ಬೇಡ.

ನಿಮ್ಮಿಬ್ಬರಿಗೆ ಸರಿಹೋಗುವುದು ಬೇಟೆಗಾರರನ್ನು ಇಳಿಸಿ ಬರುವ ಸಣ್ಣ ವಿಮಾನ. ಬುಕ್ ಮಾಡುವಾಗ ‘ಒಳ್ಳೆ ಜಾಗಕ್ಕೆ ಬಿಡಿ’ ಅಂತಷ್ಟೇ ಹೇಳಬೇಡಿ. ಇಳಿಯುವ ಜಾಗದಿಂದ ಟೆಂಟಿಗೆ ನೂರು ಮೀಟರ್ ಒಳಗಿರಬೇಕು, ನೆಲ ಗಟ್ಟಿಯಿರಬೇಕು (ನದಿಯ ಜಲ್ಲಿ ದಿಣ್ಣೆ ಅಥವಾ ಒಣಗಿದ ಏಣು), ಕೂತಲ್ಲಿಂದಲೇ ಸುತ್ತ ಎರಡು ಮೂರು ಕಿಲೋಮೀಟರ್ ಕಾಣಬೇಕು ಅಂತ ಹೇಳಿ. ತಂದೆಯವರ ವಯಸ್ಸು, ಮಂಡಿ ಎರಡನ್ನೂ ಬಾಯಿಬಿಟ್ಟು ಹೇಳಿ. ಪೈಲಟ್ ಜಾಗ ಆರಿಸುವುದೇ ಆ ಮಾತಿನ ಮೇಲೆ. ಜಲ್ಲಿ ದಿಣ್ಣೆಯಲ್ಲಿ ಟೆಂಟ್ ಹಾಕಿದರೆ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಹಾಕಿ. ಮೇಲೆಲ್ಲೋ ಮಳೆಯಾದರೆ ರಾತ್ರಿಯೇ ನದಿ ಏರುತ್ತದೆ.

ಇಳಿದ ದಿನ ಬೇಟೆ ಇಲ್ಲ. ಮರುದಿನ ಬೆಳಗಿನ ಜಾವ 3 ಗಂಟೆಯ ಮೇಲಷ್ಟೇ.

ಯಾವ ಹಿಂಡು ಅನ್ನುವುದನ್ನು ಹಳೆಯ ವಿಡಿಯೋ ನೋಡಿ ನಿರ್ಧರಿಸಬೇಡಿ. ಪಶ್ಚಿಮ ಆರ್ಕ್ಟಿಕ್ ಹಿಂಡು 2003ರಲ್ಲಿ 4,90,000 ಇದ್ದದ್ದು 2023ರ ಎಣಿಕೆಗೆ 1,52,000ಕ್ಕೆ ಇಳಿದಿತ್ತು. ಮಲ್ಚಾಟ್ನಾ, ನೆಲ್ಚಿನಾ ಹಿಂಡುಗಳೂ ಕುಸಿದು 2023ರ ಹೊತ್ತಿಗೆ ಬೇಟೆ ನಿಲ್ಲಿಸಿದ್ದರು. ನಿಯಮದ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ನಡುವೆ ತುರ್ತು ಆದೇಶದಿಂದಲೂ ಮುಚ್ಚುತ್ತಾರೆ. ಮುಂಗಡ ಕೊಡುವಾಗ ‘ಬೇಟೆ ಮುಚ್ಚಿದರೆ ಹಣ ವಾಪಸ್ಸೇ?’ ಎಂದು ಬರಹದಲ್ಲೇ ಪಡೆಯಿರಿ.

ಉತ್ತರ 3

ಎಲ್ಲರೂ ಹೊಡೆಯುವ ಬಗ್ಗೆ ಯೋಚಿಸುತ್ತಾರೆ, ಹೊರುವ ಬಗ್ಗೆ ಯೋಚಿಸುವುದಿಲ್ಲ. ಈ ಯೋಜನೆ ನಿಲ್ಲುವುದೂ ಬೀಳುವುದೂ ಅಲ್ಲೇ.

ಬೆಳೆದ ಗಂಡು ಕ್ಯಾರಿಬೂ 160ರಿಂದ 180 ಕಿಲೋ. ಕೆಡದೆ ತರಬೇಕಾದ ಮಾಂಸ ಮೂಳೆ ಸಮೇತ 70 ಕಿಲೋ ಆಸುಪಾಸು. ಹೊರೆಗೆ 25 ಕಿಲೋ ಅಂದರೂ ಮಾಂಸಕ್ಕೆ ಮೂರು ಸಲ, ಕೊಂಬಿಗೆ ನಾಲ್ಕನೆಯ ಸಲ. ಎರಡು ಕಿಲೋಮೀಟರ್ ದೂರದಲ್ಲಿ ಬಿದ್ದರೆ ಒಟ್ಟು 16 ಕಿಲೋಮೀಟರ್ ನಡಿಗೆ, ಅದರಲ್ಲಿ ಅರ್ಧ ಹೊರೆಯೊಂದಿಗೆ. ಹೊರುವವರು ನೀವೊಬ್ಬರೇ. ಅಷ್ಟೂ ಹೊತ್ತು ತಂದೆ ಟೆಂಟಿನಲ್ಲಿ ಒಬ್ಬರೇ ಇರಬೇಕು, ಮಾಂಸದ ವಾಸನೆಗೆ ಕರಡಿ ಬರುವ ಜಾಗದಲ್ಲಿ. ಆದ್ದರಿಂದ ಟೆಂಟಿನಿಂದ ಒಂದು ಕಿಲೋಮೀಟರ್ ಆಚೆ ಗುಂಡು ಹಾರಿಸುವುದಿಲ್ಲ ಅಂತ ಮೊದಲೇ ಇಬ್ಬರೂ ಒಪ್ಪಿಕೊಳ್ಳಿ. ಮೊದಲನೆಯದರ ಮಾಂಸ ಟೆಂಟಿನ ಬಳಿ ಸೇರುವ ತನಕ ಎರಡನೆಯದಕ್ಕೆ ಗುರಿ ಇಡಬೇಡಿ. ಮೂವತ್ತು ನಲವತ್ತರ ಮೂರನೆಯವರೊಬ್ಬರು ಸಿಕ್ಕರೆ ಖಂಡಿತ ಸೇರಿಸಿಕೊಳ್ಳಿ.

ಕಾನೂನು ಪ್ರಕಾರ ಕುತ್ತಿಗೆ, ಎದೆ, ಪಕ್ಕೆಲುಬು, ನಾಲ್ಕು ಕಾಲು, ಬೆನ್ನುದ್ದದ ಮಾಂಸ ಎಲ್ಲವೂ ಬರಬೇಕು. ಮಾಂಸ ಬಂದ ಮೇಲೆಯೇ ಕೊಂಬು. ಕೆಲವು ಘಟಕಗಳಲ್ಲಿ (ಬೇಟೆ ನಿಯಮಕ್ಕೆಂದು ಅಲಾಸ್ಕಾವನ್ನು ಹಂಚಿದ ವಲಯಗಳು) ಮೂಳೆ ಬಿಡಿಸದೆ ತರಬೇಕು. ಗಂಡು ಮಾತ್ರ ಹೊಡೆಯಬಹುದಾದ ಕಡೆ ಲಿಂಗದ ಗುರುತನ್ನು ಹಿಂದಿನ ತೊಡೆಗೆ ಅಂಟಿದಂತೆಯೇ ಉಳಿಸಿ. ಕತ್ತಿ ಹಾಕುವ ಮೊದಲೇ ನಿಯಮಪುಸ್ತಕದಲ್ಲಿ ಆ ಘಟಕದ ಪುಟ ಓದಿ.

ಮಾಂಸ ಕೆಡುವುದು ಶಾಖ ಮತ್ತು ತೇವದಿಂದ. ಬಿದ್ದ ತಕ್ಷಣ ಚರ್ಮ ಸುಲಿಯಿರಿ, ಏಕೆಂದರೆ ಆ ದಪ್ಪ ರೋಮ ಗಂಟೆಗಟ್ಟಲೆ ಶಾಖ ಹಿಡಿದಿಡುತ್ತದೆ. ಗಾಳಿಯಾಡುವ ಬಟ್ಟೆಚೀಲ ಪ್ರಾಣಿಗೆ ಆರೇಳು ಬೇಕು. ಪ್ಲಾಸ್ಟಿಕ್ ಚೀಲ ಬೇಡ. ಟಂಡ್ರಾದಲ್ಲಿ ಮರವಿಲ್ಲ, ನೇತುಹಾಕಲಾಗದು. ವಿಲ್ಲೋ ಪೊದೆಯ ಮೇಲೆ ಅಥವಾ ಅದರ ಕಡ್ಡಿ ಕತ್ತರಿಸಿ ಹಾಸಿ, ಅಡಿಯಿಂದ ಗಾಳಿ ಬರುವಂತೆ ಇಡಿ. ಮೇಲೆ ಟಾರ್ಪಾಲು ಎತ್ತರಕ್ಕೆ ಕಟ್ಟಿ. ಮಾಂಸಕ್ಕೆ ತಾಗಿದರೆ ಬೆವರುತ್ತದೆ. ಟೆಂಟಿನಿಂದ ನೂರು ಮೀಟರ್ ದೂರ, ಕಣ್ಣಿಗೆ ಕಾಣುವಂತೆ, ಸುತ್ತ ಕರಡಿಗೆಂದೇ ಬರುವ ಬ್ಯಾಟರಿಯ ವಿದ್ಯುತ್ ಬೇಲಿ.

ನೀವು ಹೇಳಿದ ಆಗಸ್ಟ್ ಕೊನೆ ಸರಿಯಾದ ಸಮಯ. ಸೊಳ್ಳೆ ಕಡಿಮೆ, ಗಂಡುಗಳ ಮೈಯಲ್ಲಿ ಕೊಬ್ಬು ತುಂಬಿರುತ್ತದೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬೆದೆ ಶುರುವಾದರೆ ದೊಡ್ಡ ಗಂಡಿನ ಮಾಂಸ ಬಾಯಿಗಿಡಲಾಗದಷ್ಟು ನಾರುತ್ತದೆ.

ಉತ್ತರ 4

ತಂದೆಯವರ ಮಟ್ಟಿಗೆ ಬೇಟೆಗಿಂತ ನಿದ್ದೆ ಮುಖ್ಯ. ಸಣ್ಣ ವಿಮಾನದಲ್ಲಿ ತೂಕದ ಮಿತಿ ಬಿಗಿಯಾಗಿರುತ್ತದೆ, ಬಹಳ ಕಡೆ ತಲೆಗೆ 50ರಿಂದ 70 ಪೌಂಡು. ಆ ತೂಕದಲ್ಲಿ ನಿಮ್ಮ ಪಾಲು ಕಡಿಮೆ ಮಾಡಿ ಅವರಿಗೆ ಎತ್ತರದ ಮಡಚುಮಂಚ, ಬೆನ್ನೊರಗುವ ಕುರ್ಚಿ, ಮಡಚುವ ಕಮೋಡ್ ತನ್ನಿ. ನೆಲದ ಹಾಸಿಗೆಯಿಂದ ರಾತ್ರಿ ಮೂರು ಸಲ ಏಳುವುದರಲ್ಲೇ ಮಂಡಿ ಸೋಲುತ್ತದೆ. ಊರುಗೋಲು ಒಂದಲ್ಲ, ಎರಡು.

ಮಾತ್ರೆ ಪ್ರವಾಸದ ದಿನಗಳ ಎರಡರಷ್ಟು ಇರಲಿ, ಎರಡು ಬೇರೆ ಚೀಲಗಳಲ್ಲಿ. ಮಂಜು ಕವಿದರೆ ವಿಮಾನ ಎರಡು ಮೂರು ದಿನ ಬರುವುದಿಲ್ಲ, ಊಟವೂ ಅದೇ ಲೆಕ್ಕದಲ್ಲಿರಲಿ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವಂಥದ್ದು ಇದ್ದರೆ, ಚಳಿಯಲ್ಲಿ ನೀರು ಕುಡಿಯುವುದು ತಾನಾಗಿ ಕಡಿಮೆಯಾದಾಗ ತಲೆಸುತ್ತು ಬರಬಹುದು. ಡಾಕ್ಟರ ಹತ್ತಿರ ಹೊರಡುವ ಮುಂಚೆಯೇ ಮಾತಾಡಿ. ಸ್ಯಾಟಲೈಟ್ ಮೆಸೆಂಜರ್ ಕಡ್ಡಾಯ, ಬಳಸುವುದು ಅವರಿಗೂ ಬರಬೇಕು, ಏಕೆಂದರೆ ಬೀಳುವವರು ನೀವೂ ಆಗಬಹುದು.

ಗ್ಯಾಸ್ ಕ್ಯಾನ್, ಕರಡಿ ಸ್ಪ್ರೇ ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ. ಅಲಾಸ್ಕಾದಲ್ಲೇ ಕೊಳ್ಳಿ, ಸಣ್ಣ ವಿಮಾನದವರಿಗೂ ಹೇಳಿ ಹತ್ತಿಸಿ. ತೋಟಾ ಬಹಳಷ್ಟು ವಿಮಾನ ಸಂಸ್ಥೆಗಳಲ್ಲಿ 11 ಪೌಂಡಿನೊಳಗೆ.

ಉತ್ತರ 5

ಕೋವಿಯ ವಿಷಯ ಚಿಕ್ಕದು. ಊರಿನ ಒಂಟಿನಳಿಗೆ ಕೋವಿಯ ಅಭ್ಯಾಸ ಇದ್ದರೂ ದುರ್ಬೀನಿನ ರೈಫಲ್ ಹೊಸದಾಗಿ ಕಲಿಯಬೇಕು. 6.5 ಕ್ರೀಡ್‌ಮೂರ್ ತೋಟಾದ ರೈಫಲ್ ಕ್ಯಾರಿಬೂಗೆ ಸಾಕು, ಭುಜಕ್ಕೆ ಒದೆ ಕಡಿಮೆ. ಮಲಗಿ ಹೊಡೆಸಬೇಡಿ, ಏಳುವುದು ಕಷ್ಟ. ಕುರ್ಚಿಯಲ್ಲಿ ಕೂತು ಮುಕ್ಕಾಲಿಯ ಮೇಲೆ ಕೋವಿ ಇಟ್ಟು 200 ಗಜಕ್ಕೆ ಈ ಚಳಿಗಾಲದಿಂದಲೇ ರೂಢಿ ಮಾಡಿಸಿ.

ನಡೆಯುವ ಕ್ಯಾರಿಬೂವನ್ನು ಬೆನ್ನಟ್ಟಿ ಹಿಡಿದವರಿಲ್ಲ. ಅದು ಬರುವ ದಾರಿಯಲ್ಲಿ, ಗಾಳಿ ಅದರ ಕಡೆಯಿಂದ ನಿಮ್ಮತ್ತ ಬೀಸುವಂತೆ ಕೂರಬೇಕು. ಈ ಬೇಟೆ ವಯಸ್ಸಾದವರಿಗೆ ಒಗ್ಗುವುದೇ ಅದಕ್ಕೆ. ಹಿಂಡಿನ ಮುಂದಾಳುಗಳು ಕಂಡ ಕೂಡಲೇ ಹೊಡೆಯಬೇಡಿ, ದಾಟಿಹೋಗಲು ಬಿಡಿ. ಅಲ್ಲಿನ ಮೂಲನಿವಾಸಿಗಳಾದ ಇನುಪಿಯಾಕ್ ಹಿರಿಯರು ತಲೆಮಾರುಗಳಿಂದ ಹೇಳುತ್ತ ಬಂದದ್ದು ಇದನ್ನೇ: ಮೊದಲ ಸಾಲು ದಾಟಿದರೆ ಹಿಂದಿನವು ಅದೇ ಜಾಡಿನಲ್ಲಿ ಬರುತ್ತವೆ, ಮುಂದಾಳುಗಳು ಬೆದರಿ ತಿರುಗಿದರೆ ಇಡೀ ಹಿಂಡು ಬೇರೆ ಕಡೆ ಹೊರಳುತ್ತದೆ. ಆ ಹಿಂಡನ್ನೇ ಚಳಿಗಾಲದ ಊಟಕ್ಕೆ ನಂಬಿ ಕೂತ ಹಳ್ಳಿಗಳು ಅದರ ದಾರಿಯಲ್ಲಿ ಮುಂದಿವೆ. ಹೆಚ್ಚಾದ ಮಾಂಸವನ್ನು ಅವರಿಗೆ ಕೊಡುವುದಾದರೆ ಚೆನ್ನಾಗಿ ಉಳಿಸಿದ್ದನ್ನೇ ಕೊಡಿ, ಯಾರಿಗೆ ತಲುಪಿಸಬೇಕೆಂದು ವಿಮಾನದವರನ್ನು ಮೊದಲೇ ಕೇಳಿಡಿ.