‘ಡಿಮೆನ್ಷಿಯಾ ಇದೆ, ಕೆಪ್ಯಾಸಿಟಿ ಇಲ್ಲ’: ಈ ಬರಹ ನಿಲ್ಲಿಸೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಹಾಸನದಲ್ಲಿ ನರ್ಸಿಂಗ್ ಓದಿ ಈಗ ಇಂಗ್ಲೆಂಡಿನ ಒಂದು ಕೇರ್ ಹೋಮಿನಲ್ಲಿದ್ದೀನಿ. ಹೊಸ ಕೇರರ್‌ಗಳಿಗೆ ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್ (ಕೆಪ್ಯಾಸಿಟಿ, ಅಂದ್ರೆ ತನ್ನ ನಿರ್ಧಾರ ತಾನೇ ಮಾಡೋ ಸಾಮರ್ಥ್ಯದ ಬಗ್ಗೆ ಇರೋ ಕಾಯ್ದೆ) ಟ್ರೈನಿಂಗ್ ಕೊಡೋ ಕೆಲಸ ನನಗೆ ಬಂದಿದೆ. ಆನ್‌ಲೈನ್ ಕ್ವಿಜ್ ಎಲ್ಲರೂ ಪಾಸು. ಆದ್ರೂ ನೋಟ್ಸ್ ತೆಗೆದ್ರೆ ‘ಡಿಮೆನ್ಷಿಯಾ ಇದೆ, ಕೆಪ್ಯಾಸಿಟಿ ಇಲ್ಲ’ ಅಂತ ಒಂದೇ ಸಾಲು. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಸಾಲಿನಿಂದಲೇ. ಅದನ್ನ ಬೋರ್ಡ್ ಮೇಲೆ ಬರೆದು, ‘ಯಾವ ವಿಷಯಕ್ಕೆ? ಯಾವಾಗ?’ ಅಂತ ಕೇಳಿ. 2005ರ ಈ ಕಾಯ್ದೆಯ ಜೀವಾಳ ಆ ಎರಡು ಪ್ರಶ್ನೆಯಲ್ಲಿದೆ. (ಇದು ಇಂಗ್ಲೆಂಡ್, ವೇಲ್ಸ್‌ಗೆ ಮಾತ್ರ, ಸ್ಕಾಟ್ಲೆಂಡಿನಲ್ಲಿ ಬೇರೆ ಕಾಯ್ದೆ.) ಕಾಯಿಲೆಯ ಹೆಸರು ನೋಡಿ ಸಾಮರ್ಥ್ಯ ಇಲ್ಲ ಅನ್ನೋ ಹಾಗಿಲ್ಲ. ಮನೆ ಮಾರೋ ಲೆಕ್ಕ ತಲೆಗೆ ಹತ್ತದ ಅಜ್ಜಿಗೂ ಇವತ್ತು ಸ್ನಾನ ಬೇಕೋ ಬೇಡವೋ ಅನ್ನೋದು ಚೆನ್ನಾಗಿ ಗೊತ್ತಿರಬಹುದು.

ನಾನು ತಪ್ಪದೆ ಹೇಳೋದು ನನ್ನದೇ ತಪ್ಪನ್ನ. ಒಂದು ಸಂಜೆ, ಟಿವಿ ಜೋರಾಗಿ ಓಡ್ತಿರುವಾಗ, ಒಬ್ಬ ಅಜ್ಜನನ್ನ ಫ್ಲೂ ಇಂಜೆಕ್ಷನ್ ಬಗ್ಗೆ ಕೇಳಿದೆ. ಅವರು ಸುಮ್ಮನೆ ನನ್ನ ಮುಖ ನೋಡಿದ್ರು. ‘ಅರ್ಥವಾಗಲಿಲ್ಲ’ ಅಂತ ಬರೆದೆ. ಅವರ ಹಿಯರಿಂಗ್ ಏಡ್ ಟೇಬಲ್ ಮೇಲೆ ನೀರಿನ ಲೋಟದ ಪಕ್ಕ ಬಿದ್ದಿತ್ತು, ಬ್ಯಾಟರಿ ಮುಗಿದು. ಮರುದಿನ ತಿಂಡಿ ಆದಮೇಲೆ ಹೊಸ ಬ್ಯಾಟರಿ ಹಾಕಿ ಕೇಳಿದ್ರೆ, ‘ಹೋದ ವರ್ಷ ಬಲತೋಳು ಊದಿತ್ತು, ಈ ಸಲ ಎಡಕ್ಕೆ ಹಾಕಿ’ ಅಂದ್ರು! ಸಾಮರ್ಥ್ಯ ಇಲ್ಲ ಅನ್ನೋ ಮೊದಲು ಮಾಡಬಹುದಾದ ಸಹಾಯವನ್ನೆಲ್ಲ ಮಾಡಿರಬೇಕು ಅಂತ ಕಾಯ್ದೆ ಹೇಳೋದು ಇದನ್ನೇ.

ಆಮೇಲೆ, ಸಾಮರ್ಥ್ಯ ಇದೆಯಾ ಅಂತ ನೋಡೋಕೆ ನಾಲ್ಕು ಅಂಶ: ವಿಷಯ ಅರ್ಥವಾಯ್ತಾ, ನೆನಪಿನಲ್ಲಿ ನಿಂತಿತಾ, ತೂಗಿ ನೋಡಿದ್ರಾ, ಹೇಗಾದ್ರೂ ತಿಳಿಸಿದ್ರಾ. ಹುಡುಗರು ಎಡವೋದು ನೆನಪಿನ ವಿಷಯದಲ್ಲಿ. ನಿರ್ಧಾರ ಮಾಡೋವಷ್ಟು ಹೊತ್ತು ನೆನಪಿದ್ರೆ ಸಾಕು, ಮಧ್ಯಾಹ್ನಕ್ಕೆ ಮರೆತ್ರೂ ಅದು ಅವರದೇ ನಿರ್ಧಾರ.

ನಮ್ಮ ಊರಿಂದ ಬಂದವರಿಗೆ ಇನ್ನೊಂದು ಮಾತು ಬಿಡಿಸಿ ಹೇಳಿ. ಹಾಸಿಗೆಯಲ್ಲಿರೋರನ್ನ ಬಿಟ್ಟು ಪಕ್ಕದಲ್ಲಿ ನಿಂತ ಮಗನನ್ನ ಕೇಳೋದು ನಮಗೆ ರೂಢಿ. ಇಲ್ಲಿ ಹತ್ತಿರದ ಸಂಬಂಧಿ ಅನ್ನೋ ಕಾರಣಕ್ಕೇ ಯಾರಿಗೂ ತೀರ್ಮಾನದ ಅಧಿಕಾರ ಬರಲ್ಲ.

ಪ್ರಶ್ನೆ: ಆದ್ರೆ ಒಬ್ಬರ ಮಗಳು, ‘ಅಮ್ಮನಿಗೆ ಶುಗರ್, ಕೇಕ್ ಕೊಡಲೇಬೇಡಿ, ಪವರ್ ಆಫ್ ಅಟಾರ್ನಿ ನನ್ನ ಹತ್ರ ಇದೆ’ ಅಂತಾರೆ.

ಉತ್ತರ: ಕಾಗದ ತರಿಸಿ ನೋಡಿ. ಇಂಥ ಕಾಗದ ನೋಂದಾಯಿಸೋ ಸರ್ಕಾರಿ ಕಚೇರಿ ಪಬ್ಲಿಕ್ ಗಾರ್ಡಿಯನ್‌ನಲ್ಲಿ ರಿಜಿಸ್ಟರ್ ಆಗಿದೆಯಾ, ಆಸ್ತಿ-ಹಣದ್ದಾ, ಆರೋಗ್ಯ-ಆರೈಕೆಯದ್ದಾ? ಆಸ್ತಿಯದ್ದಾದ್ರೆ ಕೇಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಆರೋಗ್ಯದ್ದಾದ್ರೂ, ಈ ವಿಷಯದಲ್ಲಿ ಅಮ್ಮನಿಗೆ ಸಾಮರ್ಥ್ಯ ಇಲ್ಲದಾಗ ಮಾತ್ರ ನಡೆಯೋದು. ಶುಗರ್ ಏರುತ್ತೆ ಅಂತ ಗೊತ್ತಿದ್ದೂ ತಿಂತೀನಿ ಅಂದ್ರೆ ಅದು ಬುದ್ಧಿವಂತಿಕೆಯಲ್ಲದಿರಬಹುದು, ಆದ್ರೆ ಹಕ್ಕು. ಸಾಮರ್ಥ್ಯ ಇಲ್ಲ ಅಂತ ಕಂಡುಬಂದ್ರೂ ಮಗಳು ಅಮ್ಮನ ಹಿತ, ಇಷ್ಟ ನೋಡಿಯೇ ತೀರ್ಮಾನಿಸಬೇಕು. ಪೂರ್ತಿ ನಿಲ್ಲಿಸೋ ಬದಲು ಚಿಕ್ಕ ತುಂಡು ಸಾಕಾಗುತ್ತಾ ಅಂತ ಡಯಟೀಷಿಯನ್ ಜೊತೆ ಕೂತು ಮಾತಾಡಿ.

ನಾಳೆ ಟೀ ಹೊತ್ತಿಗೆ ಆ ಅಮ್ಮನ ಪಕ್ಕ ಕೂತು ಆಕೆಯನ್ನೇ ಕೇಳಿ. ನೀವು ಕೇಳಿದ ಪ್ರಶ್ನೆ, ಆಕೆ ಕೊಟ್ಟ ಉತ್ತರ, ಸಮಯ, ಎಲ್ಲ ಆಡಿದ ಮಾತಿನಲ್ಲೇ ಬರೀರಿ. ಆ ನೋಟ್ಸನ್ನೇ, ಹೆಸರು ತೆಗೆದು, ಮುಂದಿನ ಕ್ಲಾಸಿನಲ್ಲಿ ಓದಿಸಿ.