ಮಾಗಡಿ ಕೆರೆ ಹೆಬ್ಬಾತು: ಮಾರ್ಚ್‌ನಲ್ಲಿ ಸಿಗುತ್ತವೆಯೇ?

ಪ್ರಶ್ನೆ: ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಾರ್ಚ್ ಎರಡನೇ ವಾರ ಹೋದರೆ ಪಟ್ಟೆತಲೆ ಹೆಬ್ಬಾತು ಕಾಣಬಹುದೇ? ಎಣಿಸುವುದು ಹೇಗೆ?

ಉತ್ತರ 1: ತಡವೇ ಆಯಿತು. ನವೆಂಬರ್‌ನಲ್ಲಿ ಬಂದವುಗಳಲ್ಲಿ ಹೆಚ್ಚಿನವು ಅಷ್ಟೊತ್ತಿಗೆ ಟಿಬೆಟ್, ಮಂಗೋಲಿಯಾ ಕಡೆ ಹೊರಟಿರುತ್ತವೆ. ಉಳಿದ ಗುಂಪನ್ನು ಬಿಸಿಲೇರಿದ ಮೇಲೆ ನೋಡಿ. ರಾತ್ರಿಯಿಡೀ ಹೊಲಗಳಲ್ಲಿ ಮೇಯ್ದು, ಹಗಲು ವಿಶ್ರಾಂತಿಗೆ ನೀರಿಗೆ ಮರಳುತ್ತವೆ. ನಸುಕಿನಲ್ಲೇ ಹೋಗಿ, ಖಾಲಿ ಕೆರೆ ಕಂಡು ಸೊನ್ನೆ ಬರೆಯುವುದು ದೊಡ್ಡ ತಪ್ಪು.

ಉತ್ತರ 2: ಮೊದಲು 50 ಹಕ್ಕಿ ಒಂದೊಂದಾಗಿ ಎಣಿಸಿ, ಅಷ್ಟೇ ದೊಡ್ಡ ತುಂಡುಗಳು ಇಡೀ ಗುಂಪಿನಲ್ಲಿ ಎಷ್ಟಿವೆ ನೋಡಿ, 50ರಿಂದ ಗುಣಿಸಿ. ಮೂರು ಸಲ ಎಣಿಸಿ ನಡುವಿನ ಸಂಖ್ಯೆ ಬರೆಯಿರಿ. ತಲೆಯ ಎರಡು ಕಪ್ಪು ಪಟ್ಟಿ ಗುರುತು. ಎಳೆಯವಕ್ಕೆ ಅವು ಸ್ಪಷ್ಟವಿರವು, ಅವನ್ನು ಎಣಿಕೆಯಿಂದ ಬಿಡಬೇಡಿ.

ಉತ್ತರ 3: ಹೆಬ್ಬಾತು ಸಿಗದಿದ್ದರೆ ಸುತ್ತಲ ಮರಗಳಲ್ಲಿ ಇನ್ನೊಂದು ವಲಸೆ ಹಕ್ಕಿ ಗುಲಾಬಿ ಕಬ್ಬಕ್ಕಿ ಹುಡುಕಿ, ಅವು ಏಪ್ರಿಲ್‌ವರೆಗೂ ಇರುತ್ತವೆ.