ರೇನೋ ರಾಜೀನಾಮೆ ಕೊಡದಿದ್ದರೆ ಡಿ ಗಾಲ್ ಎಲ್ಲಿರುತ್ತಿದ್ದ?

ಶಿಡ್ಲಘಟ್ಟದ ರೀಲರ್:

ನಾನು ಇತಿಹಾಸ ಓದಿದವನಲ್ಲ, ರೇಷ್ಮೆ ನೂಲು ತೆಗೆಯುವವನು. ಬೆಳಗ್ಗೆ ಗೂಡಿನ ಮಾರ್ಕೆಟ್‌ನಲ್ಲಿ ಹರಾಜು, ಆಮೇಲೆ ಬಿಸಿನೀರಿನ ಹಬೆಯಲ್ಲಿ ದುಡಿಮೆ. ರಾತ್ರಿ ಮಾತ್ರ ಎರಡನೇ ಮಹಾಯುದ್ಧ. "ಆ ಫ್ರಾನ್ಸ್‌ನವರು ಬಂದು ನಮ್ಮ ಸಾಲ ತೀರಿಸ್ತಾರಾ?" ಎಂದು ಹೆಂಡತಿ ಕೇಳುತ್ತಾಳೆ.

ನನ್ನ ತಲೆಗೆ ಹುಳ ಬಿಟ್ಟಿರುವುದು 1940ರ ಜೂನ್ 16. ಪ್ಯಾರಿಸ್ ಜರ್ಮನ್ನರ ಕೈಸೇರಿ ಎರಡು ದಿನ. ಸರ್ಕಾರ ಬೋರ್ಡೋ ಊರಿಗೆ ಓಡಿಬಂದಿದೆ. ಪ್ರಧಾನಿ ಪಾಲ್ ರೇನೋಗೆ ಉತ್ತರ ಆಫ್ರಿಕಾದಿಂದ ಯುದ್ಧ ಮುಂದುವರಿಸುವ ಆಸೆ. ಸೇನಾಪತಿ ವೇಗಾಂ, ಉಪಪ್ರಧಾನಿ ಪೆತಾಂ ಇಬ್ಬರೂ ಸಾಕಪ್ಪಾ ಸಾಕು ಎನ್ನುತ್ತಾರೆ. ಬ್ರಿಟನ್, ಫ್ರಾನ್ಸ್ ಎರಡೂ ಸೇರಿ ಒಂದೇ ದೇಶವಾಗೋಣ ಎಂದು ಅವತ್ತೇ ಚರ್ಚಿಲ್ ಸರ್ಕಾರದ ಪ್ರಸ್ತಾಪ ಬರುತ್ತದೆ. ಅದನ್ನು ಲಂಡನ್‌ನಿಂದ ಫೋನಿನಲ್ಲಿ ಓದಿ ಹೇಳಿದವನು ರೇನೋ ಸರ್ಕಾರದ ಯುದ್ಧ ಖಾತೆಯ ಉಪಮಂತ್ರಿ ಡಿ ಗಾಲ್. ಸಂಪುಟ ಕಿವಿಗೇ ಹಾಕಿಕೊಳ್ಳಲಿಲ್ಲ. ರಾತ್ರಿ ರೇನೋ ರಾಜೀನಾಮೆ, 84 ವರ್ಷದ ಪೆತಾಂ ಪ್ರಧಾನಿ. 22ಕ್ಕೆ ಕದನವಿರಾಮ.

ರೇನೋ ಅವತ್ತು ವೇಗಾಂನನ್ನು ಕಿತ್ತುಹಾಕಿ, ಸಂಪುಟ ಸಮೇತ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಅಲ್ಜಿಯರ್ಸ್‌ಗೆ ಹಡಗು ಹತ್ತಿದ್ದರೆ? ಡಿ ಗಾಲ್ ಉಪಮಂತ್ರಿಯಾಗಿ ಎರಡು ವಾರವೂ ಆಗಿರಲಿಲ್ಲ. ನಿಜವಾದ ಸರ್ಕಾರವೇ ಹೋರಾಡುತ್ತಿದ್ದರೆ ಹೋರಾಟ ಮುಂದುವರಿಸಿ ಎಂದು ಕರೆಕೊಟ್ಟ ಜೂನ್ 18ರ ಅವನ ಬಿಬಿಸಿ ಭಾಷಣವೇ ಬೇಕಿರಲಿಲ್ಲ, ಅಲ್ವಾ? ಹಾಗಾದರೆ 1958ರಲ್ಲಿ ಅಲ್ಜೀರಿಯಾ ಬಿಕ್ಕಟ್ಟಿನಲ್ಲಿ ಅವನನ್ನು ಮತ್ತೆ ಅಧಿಕಾರಕ್ಕೆ ಕರೆಯುತ್ತಿದ್ದವರು ಯಾರು? ಈಗಿನ ಫ್ರಾನ್ಸ್‌ನ ವ್ಯವಸ್ಥೆಯಾದ ಐದನೇ ಗಣರಾಜ್ಯ ಹುಟ್ಟುತ್ತಿತ್ತಾ?

ಚಿಂತಾಮಣಿ ಮೇಷ್ಟ್ರು:

ಹಡಗು ಹತ್ತಿದವರು ಇದ್ದರು ಮಾರಾಯ್ರೇ! ಮಸ್ಸಿಲಿಯಾ ಎಂಬ ಹಡಗು ಜೂನ್ 21ಕ್ಕೆ 27 ಸಂಸದರನ್ನು ಹೊತ್ತು ಮೊರಾಕೊದ ಕಾಸಾಬ್ಲಾಂಕಾಕ್ಕೆ ಹೊರಟಿತು. ಅವರು ಅಲ್ಲಿ ಇಳಿಯುವಷ್ಟರಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಿತ್ತು. ಹೋದವರಿಗೆಲ್ಲ ಓಡಿಹೋದವರು ಎಂಬ ಹಣೆಪಟ್ಟಿ.

ನೌಕಾಪಡೆ ದಾರ್ಲಾಂ ಕೈಯಲ್ಲಿತ್ತು. ಅವನು ಒಪ್ಪದಿದ್ದರೆ ರೇನೋಗೆ ಒಂದು ದೋಣಿಯೂ ಸಿಗುತ್ತಿರಲಿಲ್ಲ. ಒಪ್ಪಿದ್ದರೆ ಮಾತ್ರ ಲೆಕ್ಕ ಬೇರೆ. ಹಡಗುಗಳು ಜರ್ಮನ್ನರ ಕೈಸೇರುತ್ತವೆ ಎಂಬ ಭಯಕ್ಕೆ ಜುಲೈ 3ರಂದು ಅಲ್ಜೀರಿಯಾದ ಮೆರ್ಸ್ ಎಲ್ ಕೆಬೀರ್ ಬಂದರಿನಲ್ಲಿ ಬ್ರಿಟಿಷರೇ ಗುಂಡು ಹಾರಿಸಿ ಸುಮಾರು 1,300 ಫ್ರೆಂಚ್ ನಾವಿಕರನ್ನು ಕೊಲ್ಲುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಉತ್ತರ ಆಫ್ರಿಕಾದಲ್ಲಿ ಟ್ಯಾಂಕ್, ವಿಮಾನ ಮಾಡುವ ಕಾರ್ಖಾನೆ ಎಲ್ಲಿತ್ತು? ಎಲ್ಲಾ ಅಮೆರಿಕದಿಂದ ಬರಬೇಕು. ಇತ್ತ ಹಿಟ್ಲರ್ ಇಡೀ ಫ್ರಾನ್ಸನ್ನು ಆಗಲೇ ನುಂಗುತ್ತಿದ್ದ.

ಯುದ್ಧದ ನಂತರದ್ದೇ ನನಗೆ ರುಚಿ. 1945ರ ಅಕ್ಟೋಬರ್‌ನಲ್ಲಿ ಯುದ್ಧಕ್ಕೆ ಮುಂಚಿನ ವ್ಯವಸ್ಥೆಯಾದ ಹಳೆಯ ಮೂರನೇ ಗಣರಾಜ್ಯ ಬೇಡವೆಂದು ಶೇ. 96 ಜನ ಮತ ಹಾಕಿದರು. ಯಾಕೆ? ಅದರ ಸಂಸತ್ತು 1940ರ ಜುಲೈ 10ರಂದು 569 ಮತಗಳಿಂದ ಪೆತಾಂ ಕಾಲಿಗೆ ಬಿದ್ದಿತ್ತು. ಬೇಡ ಎಂದವರು 80 ಮಂದಿ. ಅದೇ ಸಂಸತ್ತು ಅಲ್ಜಿಯರ್ಸ್‌ನಲ್ಲಿ ಮರ್ಯಾದೆಯಿಂದ ಕೂತಿದ್ದರೆ ಗೆದ್ದು ವಾಪಸ್ ಬರುತ್ತಿತ್ತು. ಆಗ ಹಳೇ ಸಂವಿಧಾನವೇ ಗಟ್ಟಿ. ವರ್ಷಕ್ಕೆ ಎರಡು ಸರ್ಕಾರ ಬೀಳುವ ರೋಗವೂ ಗಟ್ಟಿ!

ಗೌರಿಬಿದನೂರಿನವಳು:

ನಿಮ್ಮಿಬ್ಬರದೂ ಬರೀ ಪ್ಯಾರಿಸ್ ಲೆಕ್ಕ. ಅಲ್ಜಿಯರ್ಸ್ ಯಾರ ಊರು ಸಾರ್?

ನಮ್ಮ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿತು. 1945ರ ಮೇ 8ರಂದು ಅಲ್ಜೀರಿಯಾದ ಸೆತೀಫ್‌ನಲ್ಲೂ ಬಾವುಟ ಹಿಡಿದವನ ಮೇಲೆ ಗುಂಡು ಹಾರಿತು. ಆಮೇಲೆ ಅಲ್ಲಿ ಸತ್ತವರು ಸಾವಿರಾರು. ಆಗ ಸರ್ಕಾರ ಡಿ ಗಾಲ್‌ದೇ. ರೇನೋ ಇದ್ದಿದ್ದರೆ ಗುಂಡು ಹಾರುತ್ತಿರಲಿಲ್ಲವಾ? ಸರ್ಕಾರವೇ ನಾಲ್ಕು ವರ್ಷ ಅಲ್ಜಿಯರ್ಸ್‌ನಲ್ಲಿ ಕೂತಿದ್ದರೆ ಅದು "ನಮ್ಮ ಮನೆ" ಎಂಬ ಹಟ ಇನ್ನೂ ಜಾಸ್ತಿಯಾಗುತ್ತಿತ್ತು. 1962ಕ್ಕೆ ಅಲ್ಜೀರಿಯಾಕ್ಕೆ ಸಿಕ್ಕ ಬಿಡುಗಡೆಯೂ ಅನುಮಾನ. ಅಲ್ಲಿಂದ ಹೊರಬರಲು ಡಿ ಗಾಲ್‌ನಂಥ ಹೆಸರೇ ಬೇಕಾಯಿತು. ಬೇರೆ ಯಾರಾದರೂ ಹೊರಟಿದ್ದರೆ ಸೈನ್ಯ ಬಿಡುತ್ತಿತ್ತಾ?

ಶಿಡ್ಲಘಟ್ಟದ ರೀಲರ್:

ಅಕ್ಕ, ಸೆತೀಫ್ ವಿಷಯದಲ್ಲಿ ನಾನು ಸೋತೆ.

ಮೇಷ್ಟ್ರೇ, ಆ ಮಸ್ಸಿಲಿಯಾ ಹಡಗಿನವರಲ್ಲಿ ಇಬ್ಬರನ್ನು ನೋಡಿ. ಒಬ್ಬ ರೇನೋ ಸಂಪುಟದ ಗೃಹಮಂತ್ರಿ ಜಾರ್ಜ್ ಮಾಂದೆಲ್. ಬ್ರಿಟಿಷರು ಮೊದಲು ಲಂಡನ್‌ಗೆ ಕರೆದದ್ದು ಅವನನ್ನೇ. ಅವನು ಯಹೂದಿ, ಓಡಿಹೋದ ಎಂದಾರು ಎಂದು ಒಪ್ಪಲಿಲ್ಲ. 1944ರಲ್ಲಿ ವಿಶಿ ಸರ್ಕಾರದ, ಅಂದರೆ ಪೆತಾಂ ಸರ್ಕಾರದ, ಕಡೆಯವರೇ ಕೊಂದರು. ಅಲ್ಜಿಯರ್ಸ್ ಸರ್ಕಾರ ಆಗಿದ್ದರೆ ಯುದ್ಧ ಗೆದ್ದ ಪ್ರಧಾನಿ ರೇನೋ ಅಲ್ಲ, ಈ ಮಾಂದೆಲ್ ಎಂದೇ ನನ್ನ ಬಾಜಿ.

ಇನ್ನೊಬ್ಬ ಪಿಯೆರ್ ಮೆಂದೆಸ್ ಫ್ರಾನ್ಸ್. ಸೈನ್ಯ ಬಿಟ್ಟು ಓಡಿದ ಎಂದು ವಿಶಿಯವರು ಜೈಲಿಗೆ ಹಾಕಿದರು. 1941ರಲ್ಲಿ ತಪ್ಪಿಸಿಕೊಂಡು ಡಿ ಗಾಲ್ ಕಡೆ ಸೇರಿ ವಿಮಾನದಲ್ಲಿ ಹೋರಾಡಿದ. 1954ರಲ್ಲಿ ಪ್ರಧಾನಿಯಾಗಿ ಇಂಡೋಚೈನಾ ಯುದ್ಧ ನಿಲ್ಲಿಸಿದ. ಅವನ ಕಾಲದಲ್ಲೇ ಫ್ರೆಂಚರ ಕೈಯಲ್ಲಿದ್ದ ಪಾಂಡಿಚೇರಿ ಸೀಮೆಯ ಕೀಳೂರಿನಲ್ಲಿ 178 ಪ್ರತಿನಿಧಿಗಳಲ್ಲಿ 170 ಮಂದಿ ಭಾರತ ಎಂದರು, ನವೆಂಬರ್ 1ಕ್ಕೆ ಪಾಂಡಿಚೇರಿ ನಮ್ಮ ಕೈಗೆ ಬಂತು. ಫ್ರಾನ್ಸ್‌ನಲ್ಲಿ ಎಲ್ಲರೂ ಒಂದೇ ಥರ ಇರಲಿಲ್ಲ, ಅಲ್ವಾ ಅಕ್ಕ?

ಇದನ್ನೇ ಹೆಂಡತಿಗೆ ಖುಷಿಯಲ್ಲಿ ಹೇಳಿದೆ. "ಸರಿ, ಪಾಂಡಿಚೇರಿಗೆ ಯಾವಾಗ ಕರ್ಕೊಂಡು ಹೋಗ್ತೀರಿ?" ಅಂದಳು.